ತುಕ್ಕಿನ ಮೇಲೆ ಬಳಿದರೆ ತುಕ್ಕೇ ಉಳಿಯುತ್ತೆ: ಹಳೆ ಅಂಬಾಸಿಡರ್‌ಗೆ ಅಂಡರ್‌ಕೋಟಿಂಗ್

ಕಳೆದ ಸೆಮಿಸ್ಟರ್ ರಜೆಯಲ್ಲಿ ಸಾಲಗುಂದಕ್ಕೆ ಹೋದಾಗ ನಮ್ಮ ತಾತನ ಅಂಬಾಸಿಡರ್ ಕೆಳಗೆ ಮಲಗಿ, ಡ್ರೈವರ್ ಸೀಟಿನ ಕೆಳಗಿನ ಫ್ಲೋರ್‌ಗೆ ಒಂದು ಸ್ಕ್ರೂಡ್ರೈವರ್ ಇಟ್ಟು ಸುಮ್ನೆ ಒತ್ತಿದೆ. ಅದು ಹಿಡಿ ತನಕ ಒಳಗೆ ಹೋಗಿಬಿಡ್ತು. ತಮಾಷೆ ಅಂದ್ರೆ, ಕೆಳಗಿನಿಂದ ನೋಡಿದ್ರೆ ಫ್ಲೋರ್ ತುಂಬಾ ಚೆನ್ನಾಗಿತ್ತು. ಕಪ್ಪಗೆ, ದಪ್ಪಗೆ, ಒಂದು ಗೀರೂ ಇಲ್ಲದ ಕೋಟಿಂಗ್. ಕೆಲವು ವರ್ಷಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಒಂದೇ ದಿನದಲ್ಲಿ ಮಾಡಿಸಿದ್ದು. "ಡಾಂಬರ್ ಹೊಡಿಸೀನಿ, ಇನ್ನ ಇಪ್ಪತ್ತು ವರ್ಷ ಏನೂ ಆಗಂಗಿಲ್ಲ" ಅಂತ ತಾತ ಎಲ್ಲರಿಗೂ ಹೇಳ್ತಿದ್ರು. ಅಂಗೈ ಅಗಲದ ಕೋಟಿಂಗ್ ಕಿತ್ತು ನೋಡಿದಾಗ ಅದರ ಜೊತೆಗೇ ಫ್ಲೋರಿನ ಶೀಟು ಕಂದು ಚಕ್ಕೆಯಾಗಿ ಬಂತು. ಅಂದ್ರೆ ಅಲ್ಲಿ ಶೀಟಿಗೆ ಕೋಟಿಂಗ್ ಆಸರೆಯಾಗಿತ್ತೇ ಹೊರತು ಕೋಟಿಂಗಿಗೆ ಶೀಟಲ್ಲ.

ಅಪ್ಪ ಗುಜರಿಗೆ ಹಾಕೋಣ ಅಂದ್ರು. ತಾತ ಏನೂ ಹೇಳಲಿಲ್ಲ, ಎದ್ದು ಒಳಗೆ ಹೋದ್ರು. ಆ ರಾತ್ರಿಯಿಂದ ನಾನು ಅಂಡರ್‌ಕೋಟಿಂಗ್ ಬಗ್ಗೆ ಓದೋಕೆ, ಟಿಂಕರಿಂಗ್ ಮಾಡೋರ ಹತ್ತಿರ ಕೇಳೋಕೆ ಶುರು ಮಾಡಿದೆ. ಹಳೆ ಅಂಬಾಸಿಡರ್, ಪದ್ಮಿನಿ ಅಥವಾ ಜೀಪು ನಿಮ್ಮ ಮನೇಲೂ ಇದ್ದರೆ, ಅದನ್ನು ಸರಿ ಮಾಡಿಸೋ ಆಸೆ ಇದ್ದರೆ, ದುಡ್ಡು ಕೊಡೋ ಮುಂಚೆ ಇದನ್ನು ಓದಿ. ಇಲ್ಲಿರೋ ಅರ್ಧ ವಿಷಯ ನಾವು ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಮಾರ್ಕ್ಸಿಗೋಸ್ಕರ ಬರೆದು ಮರೆತದ್ದೇ.

ಫ್ಲೋರ್ ಹೋದರೆ ಏನು ಹೋಗುತ್ತೆ?

ಜೀಪಿನಲ್ಲಿ ಕೆಳಗೆ ಒಂದು ಗಟ್ಟಿ ಲ್ಯಾಡರ್ ಚಾಸಿ ಇರುತ್ತೆ, ಬಾಡಿ ಅದರ ಮೇಲೆ ಕೂತಿರುತ್ತೆ. ಬಾಡಿ ತುಕ್ಕು ಹಿಡಿದರೂ ಚಾಸಿ ಗಟ್ಟಿಯಿದ್ದರೆ ಗಾಡಿ ನಿಲ್ಲುತ್ತೆ. ಅಂಬಾಸಿಡರ್ ಹಾಗಲ್ಲ. ಅದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ ಬಂದ ಕಾರು. 1950ರ ದಶಕದ ಕೊನೆಯಿಂದ 2014ರವರೆಗೆ ಹಿಂದೂಸ್ತಾನ್ ಮೋಟಾರ್ಸ್ ಅದನ್ನು ತಯಾರಿಸಿತು. ಅದರ ಮುಖ್ಯ ಕಾರ್ಖಾನೆ ಇದ್ದದ್ದು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ. ಅದರದ್ದು ಮೊನೊಕಾಕ್ ರಚನೆ: ಬೇರೆ ಚಾಸಿ ಇಲ್ಲ, ಫ್ಲೋರ್, ಬಾಗಿಲ ಕೆಳಗಿನ ಸಿಲ್, ಅಡ್ಡ ಮೆಂಬರ್‌ಗಳು ಎಲ್ಲಾ ಸೇರಿ ಭಾರ ಹೊರುತ್ತವೆ. ಮುಂದಿನ ಸಸ್ಪೆನ್ಷನ್ನಿನ ಟಾರ್ಷನ್ ಬಾರ್‌ಗಳ ಹಿಂದಿನ ತುದಿ ಫ್ಲೋರಿನ ಕೆಳಗಿನ ಅಡ್ಡ ಮೆಂಬರ್‌ಗೇ ಬಿಗಿದಿರುತ್ತೆ. ಹಿಂದಿನ ಲೀಫ್ ಸ್ಪ್ರಿಂಗ್‌ಗಳೂ ಬಾಡಿಯ ಕೆಳಭಾಗಕ್ಕೇ ಕೂತಿರುತ್ತವೆ. ಹಾಗಾಗಿ ಅಂಬಾಸಿಡರ್‌ನ ಅಡಿಯಲ್ಲಿ ತೂತು ಬಿದ್ದರೆ ಅದು ಬರೀ ಧೂಳು ಒಳಗೆ ಬರೋ ತೊಂದರೆ ಅಲ್ಲ. ನೀವು ಕೂತಿರೋ ರಚನೆಯೇ ಸಡಿಲವಾಗ್ತಿದೆ ಅಂತ ಅರ್ಥ. ಹೊರಗೆ ಹೊಸ ಪೇಂಟ್ ಹೊಡೆಸಿ ಅಡಿಯನ್ನು ಡಾಂಬರಿನಲ್ಲಿ ಮುಚ್ಚಿದ ಕಾರು ಅಪಾಯಕಾರಿ ಅನ್ನೋದು ಅದಕ್ಕೇ.

ನಮ್ಮ ಕಡೆ ಉಪ್ಪು ಎಲ್ಲಿಂದ ಬಂತು?

ಅಂಡರ್‌ಕೋಟಿಂಗ್ ಜಾಹೀರಾತುಗಳಲ್ಲಿ ಸಾಮಾನ್ಯವಾಗಿ ಹಿಮ, ಸಮುದ್ರ ಕಾಣಿಸುತ್ತೆ. ಚಳಿ ದೇಶಗಳಲ್ಲಿ ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಎರಚ್ತಾರೆ, ಆ ಉಪ್ಪು ಕಾರುಗಳನ್ನು ತಿನ್ನುತ್ತೆ. ಮಂಗಳೂರು, ಕಾರವಾರದ ಕಡೆ ಕಡಲ ಗಾಳಿ. ರಾಯಚೂರು ಜಿಲ್ಲೆಯಲ್ಲಿ ಇವೆರಡೂ ಇಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಒಣ ಬಿಸಿಲು. ಇಲ್ಲಿ ಕಾರಿಗೆ ತುಕ್ಕು ಯಾಕೆ ಹಿಡೀಬೇಕು?

ಉತ್ತರ ಕಾಲುವೆಯಲ್ಲಿದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಸೀಮೆ ಭತ್ತದ ಕಣಜ ಆಯ್ತು. ಭತ್ತ ಅಂದ್ರೆ ತಿಂಗಳುಗಟ್ಟಲೆ ನಿಂತ ನೀರು, ಎರೆಮಣ್ಣಿನ ಕೆಸರು. ನಾಟಿ ಟೈಮಲ್ಲಿ ಕೇಜ್ ವೀಲ್ ಹಾಕಿದ ಟ್ರ್ಯಾಕ್ಟರ್‌ಗಳು ಗದ್ದೆಯಿಂದ ರಸ್ತೆಗೆ ಕೆಸರು ಹೊತ್ತು ತರ್ತವೆ. ಅದರ ಮೇಲೆ ಹೋಗೋ ಪ್ರತಿ ಗಾಡಿಯ ಮಡ್‌ಗಾರ್ಡ್ ಒಳಗೆ ಆ ಕೆಸರು ಮುದ್ದೆಯಾಗಿ ಅಂಟಿಕೊಳ್ಳುತ್ತೆ. ಎರೆಮಣ್ಣು ನೀರನ್ನು ಸುಲಭಕ್ಕೆ ಬಿಡಲ್ಲ. ಹೊರಗೆ ಒಣಗಿ ಬಿರುಕು ಬಿಟ್ಟರೂ ಲೋಹಕ್ಕೆ ತಾಗಿದ ಒಳಪದರ ಹಸಿಯಾಗೇ ಇರುತ್ತೆ.

ಇನ್ನು ಉಪ್ಪು. ಈ ಅಚ್ಚುಕಟ್ಟಿನಲ್ಲಿ ಸವಳು-ಜವಳು ಜಮೀನಿನ ಸಮಸ್ಯೆ ಎಲ್ಲರಿಗೂ ಗೊತ್ತು. ನೀರು ಹೆಚ್ಚಾಗಿ ನಿಂತು ಮಣ್ಣಿನಲ್ಲಿದ್ದ ಲವಣ ಮೇಲಕ್ಕೆ ಬರುತ್ತೆ. ಅದರ ಜೊತೆ ಗೊಬ್ಬರ. ಪೊಟ್ಯಾಷ್ ಅಂತ ನಾವು ಕರೆಯೋದು ಪೊಟ್ಯಾಸಿಯಂ ಕ್ಲೋರೈಡ್, ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಕ್ಲೋರೈಡೇ. ಯೂರಿಯಾ ಗಾಳಿಯಿಂದ ತೇವ ಎಳೆದುಕೊಳ್ಳುತ್ತೆ, ಮಳೆಗಾಲದಲ್ಲಿ ಬಿಚ್ಚಿಟ್ಟ ಚೀಲ ಹೆಂಗೆ ನೀರಾಗುತ್ತೆ ಅಂತ ನೋಡಿದ್ದೀರಲ್ಲ. ತಾತನ ಅಂಬಾಸಿಡರ್ ಡಿಕ್ಕಿಯಲ್ಲಿ ವರ್ಷಾನುಗಟ್ಟಲೆ ಇವೇ ಚೀಲಗಳು ಬಂದಿವೆ. ಚೀಲದಿಂದ ಉದುರಿದ ಪುಡಿ ಡಿಕ್ಕಿಯ ಮೂಲೆ, ಜಾಯಿಂಟ್‌ಗಳಲ್ಲಿ ಸೇರಿಕೊಂಡಿದೆ. ಕಬ್ಬಿಣಕ್ಕೆ ತುಕ್ಕು ಹಿಡಿಯೋ ವೇಗ ಗಾಳಿಯ ತೇವಾಂಶ ಸುಮಾರು 60 ಶೇಕಡಾ ದಾಟಿದ ಮೇಲೆ ಜೋರಾಗುತ್ತೆ. ಮೇಲ್ಮೈಯಲ್ಲಿ ಲವಣ ಇದ್ದರೆ ಅದಕ್ಕಿಂತ ಕಡಿಮೆ ತೇವದಲ್ಲೂ ಶುರು ಹಚ್ಕೊಳ್ಳುತ್ತೆ. ಹವಾಮಾನ ಒಣ ಇದ್ದರೂ ನಮ್ಮ ಕಾರಿನ ಅಡಿಯಲ್ಲಿ ಒಂದು ಸಣ್ಣ ಕರಾವಳಿಯೇ ಇದೆ.

ಕೆಸರಿನ ಮುದ್ದೆ ಮತ್ತು ಫಸ್ಟ್ ಇಯರ್ ಕೆಮಿಸ್ಟ್ರಿ

ಡಿಫರೆನ್ಷಿಯಲ್ ಏರಿಯೇಷನ್ ಅಂತ ಒಂದು ಪ್ರಶ್ನೆ ಬರ್ತಿತ್ತು, ನೆನಪಿದೆಯಾ? ಒಂದೇ ಲೋಹದ ಒಂದು ಭಾಗಕ್ಕೆ ಆಮ್ಲಜನಕ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಸಿಕ್ಕರೆ, ಕಡಿಮೆ ಸಿಕ್ಕ ಭಾಗ ಆನೋಡ್ ಆಗಿ ಕರಗುತ್ತೆ. ಕೆಸರಿನ ಮುದ್ದೆಯ ಕೆಳಗೆ ಆಗೋದು ಇದೇ. ಮುದ್ದೆಯ ಸುತ್ತಲಿನ ಲೋಹಕ್ಕೆ ಗಾಳಿ ಸಿಗುತ್ತೆ, ಮುದ್ದೆಯ ಕೆಳಗಿನದಕ್ಕೆ ಸಿಗಲ್ಲ. ಹಸಿ ಮಣ್ಣು ಎಲೆಕ್ಟ್ರೊಲೈಟ್, ಕರಗಿದ ಗೊಬ್ಬರ ಅದರ ವಾಹಕತೆ ಹೆಚ್ಚಿಸುತ್ತೆ. ಆನೋಡ್ ಸಣ್ಣದು, ಕ್ಯಾಥೋಡ್ ದೊಡ್ಡದು. ಹಾಗಾಗಿ ಇಡೀ ಶೀಟು ಸಮನಾಗಿ ತೆಳುವಾಗೋ ಬದಲು ಅಲ್ಲಲ್ಲೇ ಆಳವಾಗಿ ತೂತು ಬೀಳುತ್ತೆ.

ಈಗ ತುಕ್ಕು, ಮಣ್ಣು ಇರುವ ಜಾಗದ ಮೇಲೆ ಬಿಟುಮೆನ್ ಕೋಟಿಂಗ್ ಬಳಿದೆವು ಅಂತಿಟ್ಕೊಳ್ಳಿ. ಅದು ಹಿಡಿದುಕೊಂಡಿರೋದು ಲೋಹವನ್ನಲ್ಲ, ತುಕ್ಕಿನ ಸಡಿಲ ಪುಡಿಯನ್ನು. ತುಕ್ಕಿನೊಳಗೆ ತೇವ, ಲವಣ ಎರಡೂ ಮೊದಲೇ ಕೂತಿವೆ. ಒಂದೆರಡು ಬೇಸಿಗೆ ಕಳೆದ ಮೇಲೆ ಬಿಟುಮೆನ್ ಗಡುಸಾಗಿ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತೆ. ಆ ಬಿರುಕಿನಿಂದ ನೀರು ಕ್ಯಾಪಿಲರಿಯಾಗಿ ಒಳಗೆ ನುಗ್ಗುತ್ತೆ, ಆದರೆ ಗಾಳಿಯಾಡಿ ಒಣಗೋಕೆ ದಾರಿ ಇರಲ್ಲ. ತುಕ್ಕಿನ ಗಾತ್ರ ಅದಕ್ಕೆ ಖರ್ಚಾದ ಕಬ್ಬಿಣಕ್ಕಿಂತ 2ರಿಂದ 6 ಪಟ್ಟು ಹೆಚ್ಚು, ಹಾಗಾಗಿ ಅದು ಕೋಟಿಂಗನ್ನು ಒಳಗಿಂದ ಎತ್ತುತ್ತಾ ಹೋಗುತ್ತೆ. ಈಗ ಕೆಸರಿನ ಮುದ್ದೆ ಮಾಡ್ತಿದ್ದ ಕೆಲಸವನ್ನು ಕೋಟಿಂಗೇ ಮಾಡ್ತಿದೆ. ವ್ಯತ್ಯಾಸ ಒಂದೇ: ಕೆಸರನ್ನು ತೊಳೆದು ತೆಗೀಬಹುದು, ಕೆಳಗೆ ಏನಾಗಿದೆ ಅಂತ ನೋಡಬಹುದು. ಕೋಟಿಂಗ್ ಕೆಳಗಿನದು ಸ್ಕ್ರೂಡ್ರೈವರ್ ಚುಚ್ಚುವ ತನಕ ಕಾಣಲ್ಲ.

ಹಾಗಂತ ತಪ್ಪೆಲ್ಲಾ ಆ ಗ್ಯಾರೇಜಿನದ್ದು ಅನ್ನೋಕಾಗಲ್ಲ. ಒಂದು ದಿನದಲ್ಲಿ, ಕಡಿಮೆ ದುಡ್ಡಲ್ಲಿ ಆಗಬೇಕು ಅಂತ ಕೇಳಿದ್ದು ನಾವೇ. ಒಂದು ದಿನದಲ್ಲಿ ಕಾರಿನ ಅಡಿಭಾಗ ತೊಳೆದು ಪೂರ್ತಿ ಒಣಗಿಸೋಕೂ ಆಗಲ್ಲ.

ಯಾವುದನ್ನು ಆರಿಸೋದು?

ಅಂಗಡಿಯಲ್ಲಿ ಎಲ್ಲಕ್ಕೂ ಅಂಡರ್‌ಕೋಟ್ ಅಂತಲೇ ಕರೀತಾರೆ. ಆದರೆ ಒಂದೊಂದರ ಕೆಲಸ ಬೇರೆ.

ಸುಟ್ಟ ಎಂಜಿನ್ ಆಯಿಲ್: ನಮ್ಮ ಕಡೆ ಇದು ಹಳೇ ಪದ್ಧತಿ. ಪುಕ್ಕಟೆ ಸಿಗುತ್ತೆ. ಆದರೆ ಅದರಲ್ಲಿ ಎಂಜಿನ್ನಿನ ಆಮ್ಲ, ಲೋಹದ ಪುಡಿ, ಮಸಿ ಇರುತ್ತೆ. ರಬ್ಬರ್ ಬುಶ್‌ಗಳು ಉಬ್ಬುತ್ತವೆ, ಧೂಳು ಅಂಟುತ್ತೆ, ತೊಟ್ಟಿಕ್ಕಿದ್ದು ಮಣ್ಣಿಗೆ, ಕಾಲುವೆಗೆ ಹೋಗುತ್ತೆ. ಬೇಡ.

ಬಿಟುಮೆನ್: ಅಗ್ಗ, ದಪ್ಪ, ಸದ್ದು ಕಡಿಮೆ ಮಾಡುತ್ತೆ. ಶುದ್ಧ ಪ್ರೈಮರ್ ಮೇಲೆ ಬಳಿದರೆ ಪರವಾಗಿಲ್ಲ. ಆದರೆ ಬಿಸಿಲಲ್ಲಿ ಮೆತ್ತಗಾಗುತ್ತೆ, ವರ್ಷ ಕಳೆದಂತೆ ಬಿರುಸಾಗುತ್ತೆ. ಕಪ್ಪು ಬಣ್ಣ ಆಗಿರೋದರಿಂದ ತುಕ್ಕು ಶುರುವಾದರೂ ಬೇಗ ಕಾಣಲ್ಲ.

ಪಿವಿಸಿ ಪ್ಲಾಸ್ಟಿಸಾಲ್: ಕಾರ್ಖಾನೆಯಲ್ಲಿ ಹೊಸ ಕಾರುಗಳಿಗೆ ಹಾಕೋದು ಹೆಚ್ಚಾಗಿ ಇದೇ. ಒಳ್ಳೇ ವಸ್ತು, ಆದರೆ ಗಟ್ಟಿಯಾಗೋಕೆ ನೂರು ಡಿಗ್ರಿಗಿಂತ ಮೇಲಿನ ಒವನ್ ಬೇಕು. ನಮ್ಮ ಶೆಡ್‌ಗೆ ಆಗದ ಮಾತು.

ರಬ್ಬರೈಸ್ಡ್ ಮತ್ತು ಪಾಲಿಯುರೇಥೇನ್ ಕೋಟಿಂಗ್: ಕಲ್ಲೇಟು ತಡೆಯೋಕೆ ಇವು ಬೇಕು. ಮಡ್‌ಗಾರ್ಡ್ ಒಳಗೆ, ಚಕ್ರದ ಹಿಂದಿನ ಫ್ಲೋರ್‌ಗೆ ಸರಿ. ಒಣಗಿದ ಮೇಲೂ ಸ್ವಲ್ಪ ಬಾಗುತ್ತವೆ, ಹಾಗಾಗಿ ಬಿರುಕು ಕಡಿಮೆ.

ವ್ಯಾಕ್ಸ್ ಮತ್ತು ಲ್ಯಾನೋಲಿನ್: ಇವು ಪೂರ್ತಿ ಗಟ್ಟಿಯಾಗಲ್ಲ. ಲ್ಯಾನೋಲಿನ್ ಅಂದ್ರೆ ಕುರಿ ಉಣ್ಣೆಯ ಜಿಡ್ಡು, ಮಳೆಯಲ್ಲಿ ಕುರಿಯ ಮೈ ಬೇಗ ನೆನೆಯದ ಹಾಗೆ ಕಾಯೋದು ಅದೇ. ಇವು ಸಂದಿಗಳಲ್ಲಿ ತಾವಾಗೇ ಹರಡುತ್ತವೆ, ಗೀರು ಬಿದ್ದರೂ ಸ್ವಲ್ಪ ಮಟ್ಟಿಗೆ ಮುಚ್ಚಿಕೊಳ್ಳುತ್ತವೆ. ಸಿಲ್, ಬಾಕ್ಸ್ ಸೆಕ್ಷನ್, ಬಾಗಿಲ ಒಳಗೆ ಬ್ರಷ್ ಹೋಗದ ಜಾಗಕ್ಕೆ ಇದೇ ಸರಿ. ಪ್ರೆಷರ್ ವಾಷ್‌ಗೆ ಕೊಚ್ಚಿಹೋಗುತ್ತೆ, ಬಿಸಿಲಿಗೆ ತೊಟ್ಟಿಕ್ಕುತ್ತೆ, ಹಾಗಾಗಿ ಹೊರಗಿನ ಫ್ಲೋರ್‌ಗೆ ಒಂದರಿಂದಲೇ ಆಗಲ್ಲ, ಮೇಲಿಂದ ಮೇಲೆ ಹಾಕ್ತಿರಬೇಕು.

ಎಪಾಕ್ಸಿ ಪ್ರೈಮರ್: ಇದು ಅಂಡರ್‌ಕೋಟ್ ಅಲ್ಲ, ಅದರ ಕೆಳಗಿನದು. ಆದರೆ ಇಡೀ ಕೆಲಸದಲ್ಲಿ ದುಡ್ಡು ಉಳಿಸಬಾರದ ಜಾಗ ಇದೊಂದೇ. ಟೂ-ಪ್ಯಾಕ್, ಅಂದ್ರೆ ಬೇಸ್ ಮತ್ತು ಹಾರ್ಡನರ್ ಬೆರೆಸೋದು. ಶುದ್ಧ ಲೋಹವನ್ನು ಗಟ್ಟಿಯಾಗಿ ಹಿಡಿಯುತ್ತೆ, ನೀರನ್ನು ಚೆನ್ನಾಗಿ ತಡೆಯುತ್ತೆ. ಗೇಟಿಗೆ ಹೊಡೆಯೋ ಸಿಂಗಲ್-ಪ್ಯಾಕ್ ರೆಡ್ ಆಕ್ಸೈಡ್ ಇದಕ್ಕೆ ಸಮ ಅಲ್ಲ. ಅದರ ಮೇಲೆ ಸ್ಟ್ರಾಂಗ್ ಥಿನ್ನರ್ ಇರೋ ಕೋಟಿಂಗ್ ಹಾಕಿದರೆ ಕೆಲವೊಮ್ಮೆ ಸುಕ್ಕುಗಟ್ಟಿ ಎದ್ದುಬರುತ್ತೆ.

ಜಿಂಕ್ ಪ್ರೈಮರ್ ಒಳ್ಳೇದಲ್ವಾ ಅಂತ ಕೇಳ್ತಾರೆ. ಸ್ಯಾಕ್ರಿಫಿಶಿಯಲ್ ಆನೋಡ್ ನೆನಪು ಮಾಡ್ಕೊಳ್ಳಿ. ಜಿಂಕ್ ತಾನು ಕರಗಿ ಕಬ್ಬಿಣ ಉಳಿಸಬೇಕಾದರೆ ಎರಡಕ್ಕೂ ನೇರ ಎಲೆಕ್ಟ್ರಿಕಲ್ ಸಂಪರ್ಕ ಬೇಕು. ಮಧ್ಯೆ ತುಕ್ಕು ಇದ್ದರೆ ಆ ಸಂಪರ್ಕವೇ ಇಲ್ಲ, ಅದು ಬರೀ ದುಬಾರಿ ಬೂದು ಬಣ್ಣ.

ಹೀಗೆ ನೋಡಿದ ಮೇಲೆ ನಾವು ಆರಿಸಿದ್ದು ಒಂದು ಡಬ್ಬಿಯನ್ನಲ್ಲ, ಮೂರು ಪದರವನ್ನು. ಎಲ್ಲಾ ಕಡೆ ತಿಳಿ ಬೂದು ಎಪಾಕ್ಸಿ ಪ್ರೈಮರ್. ಕಲ್ಲು ಹೊಡೆಯೋ ಜಾಗಕ್ಕೆ ಮಾತ್ರ ಪಾಲಿಯುರೇಥೇನ್ ಕೋಟ್. ಟೊಳ್ಳು ಜಾಗಗಳ ಒಳಗೆ ವ್ಯಾಕ್ಸ್.

ಬಳಿಯೋ ಮುಂಚಿನ ಕೆಲಸ

ಪೂರ್ತಿ ಕೆಲಸದಲ್ಲಿ ಮುಕ್ಕಾಲು ಪಾಲು ಸಮಯ ಇಲ್ಲೇ ಹೋಯ್ತು.

ಮೊದಲು, ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾವತ್ತೂ ಹೋಗಬೇಡಿ. ಸಮತಟ್ಟು ನೆಲ, ಭಾರ ತಡೆಯೋ ನಾಲ್ಕು ಸ್ಟ್ಯಾಂಡ್ ಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಇಟ್ಟರೆ ಒಡೆದುಹೋಗುತ್ತವೆ. ತುಕ್ಕು ಹಿಡಿದ ಸಿಲ್‌ಗೆ ಸ್ಟ್ಯಾಂಡ್ ಕೊಡಬಾರದು, ಕುಸಿಯುತ್ತೆ.

ಆಮೇಲೆ ಒಣ ಮಣ್ಣು ಕೆರೆದು, ನೀರಲ್ಲಿ ಚೆನ್ನಾಗಿ ತೊಳೆದು, ಲವಣ ಹೋಗೋ ಹಾಗೆ ಮತ್ತೆ ಶುದ್ಧ ನೀರು ಹಾಯಿಸಿ, ಎರಡು ಮೂರು ದಿನ ಒಣಗೋಕೆ ಬಿಡಬೇಕು. ಕೊಯ್ಲು ಮುಗಿದ ಮೇಲಿನ ಒಣ ತಿಂಗಳುಗಳು ಇದಕ್ಕೆ ಒಳ್ಳೇ ಸಮಯ. ಮಳೆಗಾಲದಲ್ಲಿ ಬೇಡ. ಪೇಂಟಿಂಗಿನಲ್ಲಿ ಒಂದು ನಿಯಮ ಇದೆ: ಲೋಹದ ತಾಪಮಾನ ಡ್ಯೂ ಪಾಯಿಂಟಿಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು. ಇಲ್ಲಾಂದ್ರೆ ಕಣ್ಣಿಗೆ ಕಾಣದ ನೀರಿನ ಪದರದ ಮೇಲೆ ನೀವು ಬಣ್ಣ ಹೊಡೀತಿರ್ತೀರಿ. ಬೆಳಗಿನ ಜಾವ ಶುರು ಮಾಡೋ ಬದಲು ಬಿಸಿಲೇರಿ ಶೀಟು ಬೆಚ್ಚಗಾದ ಮೇಲೆ, ನೆರಳಲ್ಲಿ ಶುರು ಮಾಡಿ.

ಮೂರನೇದು ತಪಾಸಣೆ. ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗಿ. ಗಟ್ಟಿ ಶೀಟು ಟಣ್ ಅನ್ನುತ್ತೆ, ಹೋದ ಶೀಟು ಡಬ್ ಅನ್ನುತ್ತೆ. ಡಬ್ ಅಂದ ಕಡೆ ಸ್ಕ್ರೂಡ್ರೈವರ್ ಒತ್ತಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ. ಹಳೆ ಕೋಟಿಂಗನ್ನು ಹೀಟ್ ಗನ್ ಮತ್ತು ಸ್ಕ್ರೇಪರ್‌ನಿಂದ ತೆಗೀಬೇಕು. ಬ್ಲೋ ಲ್ಯಾಂಪ್ ಬೆಂಕಿ ಹಿಡಿದರೆ ಬಿಟುಮೆನ್ ಹತ್ಕೊಳ್ಳುತ್ತೆ. ಈ ಹಂತದಲ್ಲಿ ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಡಿ, ಬ್ಯಾಟರಿ ಕನೆಕ್ಷನ್ ತೆಗೀರಿ. ಖಾಲಿ ಟ್ಯಾಂಕ್ ಅಂತ ಧೈರ್ಯ ಬೇಡ. ಒಳಗಿನ ಪೆಟ್ರೋಲ್ ಆವಿಯೇ ಸ್ಫೋಟಿಸೋದು.

ತೂತು ಬಿದ್ದ ಕಡೆ ಪುಟ್ಟಿ, ಫೈಬರ್ ಬಟ್ಟೆ ಹಾಕಿ ಮುಚ್ಚಬೇಡಿ. ಗಟ್ಟಿ ಲೋಹ ಸಿಗೋವರೆಗೆ ಕತ್ತರಿಸಿ ಹೊಸ ಶೀಟು ವೆಲ್ಡ್ ಮಾಡಿಸಬೇಕು. ನಮ್ಮದರಲ್ಲಿ ಡ್ರೈವರ್ ಕಡೆಯ ಫ್ಲೋರ್, ಎರಡೂ ಸಿಲ್‌ಗಳ ಹಿಂಭಾಗ, ಡಿಕ್ಕಿಯ ಒಂದು ಮೂಲೆ ಹೋಗಿತ್ತು. ಟಾರ್ಷನ್ ಬಾರಿನ ಅಡ್ಡ ಮೆಂಬರ್ ಪುಣ್ಯಕ್ಕೆ ಗಟ್ಟಿ ಇತ್ತು. ಅದು ಹೋಗಿದ್ದರೆ ನಾನೂ ಗುಜರಿಗೇ ಅಂತಿದ್ದೆನೇನೋ. ಆ ಜಾಗದ ವೆಲ್ಡಿಂಗ್ ಮನೆಯಲ್ಲಿ ಕಲಿಯೋ ಕೆಲಸ ಅಲ್ಲ.

ಉಳಿದ ತುಕ್ಕನ್ನು ವೈರ್ ಬ್ರಷ್, ಆಮೇಲೆ 80 ನಂಬರ್ ಎಮರಿಯಿಂದ ಉಜ್ಜಿ ಹೊಳೆಯೋ ಲೋಹಕ್ಕೆ ತರಬೇಕು. ಉಜ್ಜಿದ ಗೀರುಗಳೇ ಪ್ರೈಮರ್‌ಗೆ ಹಿಡಿತ ಕೊಡೋದು. ಕೆಳಗೆ ಸಣ್ಣ ಗುಂಡಿಗಳಲ್ಲಿ ಉಳಿದ ತುಕ್ಕಿಗೆ ಮಾತ್ರ ರಸ್ಟ್ ಕನ್ವರ್ಟರ್. ಇದರಲ್ಲಿ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲ ಇರುತ್ತೆ. ಟ್ಯಾನಿಕ್ ಆಮ್ಲ ತುಕ್ಕಿನ ಜೊತೆ ಸೇರಿ ನೀಲಿ-ಕಪ್ಪು ಬಣ್ಣದ ಸ್ಥಿರ ವಸ್ತು ಆಗುತ್ತೆ. ಅಳಲೆಕಾಯಿ ಕಷಾಯಕ್ಕೆ ತುಕ್ಕು ಮೊಳೆ ಹಾಕಿದರೆ ಕಪ್ಪು ಆಗೋದು ಇದೇ ಕೆಮಿಸ್ಟ್ರಿ. ಆದರೆ ಕನ್ವರ್ಟರ್ ತೆಳು ತುಕ್ಕಿಗಷ್ಟೇ, ಚಕ್ಕೆ ಏಳೋ ದಪ್ಪ ತುಕ್ಕಿನ ಆಳಕ್ಕೆ ಅದು ಇಳಿಯಲ್ಲ. ಇನ್ನೊಂದು ವಿಷಯ, ಆಮ್ಲ ಉಳಿದರೆ ಅದರ ಮೇಲಿನ ಎಪಾಕ್ಸಿ ಸರಿಯಾಗಿ ಗಟ್ಟಿಯಾಗಲ್ಲ. ಡಬ್ಬಿ ಮೇಲೆ ಹೇಳಿದ ಹಾಗೆ ತೊಳೆದು ಒಣಗಿಸಿ. ಕೊನೆಗೆ ಗ್ರೀಸ್ ರಿಮೂವರ್‌ನಿಂದ ಒರೆಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬಾರದು, ಕೈಯ ಬೆವರಲ್ಲೂ ಉಪ್ಪಿದೆ.

ಎಷ್ಟು ಬೇಕು ಅನ್ನೋ ಲೆಕ್ಕ

ಇದು ನನಗೆ ತುಂಬಾ ಇಷ್ಟ ಆದ ಭಾಗ, ಯಾಕಂದ್ರೆ ಇಲ್ಲಿ ಯಾರೂ ನಮ್ಮನ್ನು ಯಾಮಾರಿಸೋಕಾಗಲ್ಲ. 1 ಲೀಟರ್ ದ್ರವವನ್ನು 1 ಚದರ ಮೀಟರ್ ಮೇಲೆ ಹರಡಿದರೆ 1 ಮಿಲಿಮೀಟರ್, ಅಂದ್ರೆ 1000 ಮೈಕ್ರಾನ್ ದಪ್ಪ ಬರುತ್ತೆ. ಡಬ್ಬಿಯಲ್ಲಿ ಘನ ಪದಾರ್ಥ ಅರ್ಧ, ಉಳಿದರ್ಧ ಆರಿಹೋಗೋ ಥಿನ್ನರ್ ಅಂತಿಟ್ಕೊಂಡರೆ ಒಣಗಿದ ಮೇಲೆ ಉಳಿಯೋದು 500 ಮೈಕ್ರಾನ್.

ಅಂಬಾಸಿಡರ್ ಉದ್ದ ಸುಮಾರು 4.3 ಮೀಟರ್, ಅಗಲ ಸುಮಾರು 1.7 ಮೀಟರ್. ಎಂಜಿನ್ ಜಾಗ ಬಿಟ್ಟು, ಮಡ್‌ಗಾರ್ಡ್ ಒಳಭಾಗ ಸೇರಿಸಿ ಅಂದಾಜು 6 ಚದರ ಮೀಟರ್ ಅಂತ ಹಿಡಿದೆ. ಎಲ್ಲಾ ಕಡೆ 500 ಮೈಕ್ರಾನ್ ಬೇಕಾದರೆ 6 ಲೀಟರ್, ಹಾರಿಹೋಗೋದು ಸೇರಿಸಿದರೆ ಏಳೆಂಟು ಲೀಟರ್. ಯಾರಾದರೂ 1 ಲೀಟರ್ ಡಬ್ಬಿಯಲ್ಲಿ ಇಡೀ ಕಾರಿಗೆ ಅಂಡರ್‌ಕೋಟ್ ಮಾಡ್ತೀನಿ ಅಂದ್ರೆ, ಒಣಗಿದ ದಪ್ಪ ಬರೋದು 83 ಮೈಕ್ರಾನ್. ಕಲ್ಲೇಟಿಗೆ ಅದು ಸಾಲಲ್ಲ. ನಾವು ಪಾಲಿಯುರೇಥೇನ್ ಹಾಕಿದ್ದು ಸುಮಾರು 2 ಚದರ ಮೀಟರಿಗೆ ಮಾತ್ರ, ಹಾಗಾಗಿ ಎರಡೂವರೆ ಲೀಟರ್ ಸಾಕಾಯ್ತು. ಎಪಾಕ್ಸಿ ಪ್ರೈಮರ್‌ಗೆ 75 ಮೈಕ್ರಾನ್ ಗುರಿ ಇಟ್ಟರೆ 6 ಚದರ ಮೀಟರಿಗೆ 0.9 ಲೀಟರ್, ನಷ್ಟ ಸೇರಿ ಒಂದೂಕಾಲು ಲೀಟರ್. ನಿಮ್ಮ ಡಬ್ಬಿಯ ಘನಾಂಶ ಬೇರೆ ಇದ್ದರೆ ಅದನ್ನು ಹಾಕಿ ಲೆಕ್ಕ ಮಾಡಿ.

ಬಳಿಯೋ ಕ್ರಮ

ಎಪಾಕ್ಸಿಯನ್ನು ಅಳತೆ ಪ್ರಕಾರ ಬೆರೆಸಿ. ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಒಣಗುತ್ತೆ ಅನ್ನೋದು ಸುಳ್ಳು. ಅಳತೆ ತಪ್ಪಿದರೆ ಗಟ್ಟಿಯೇ ಆಗಲ್ಲ. ಬೆರೆಸಿದ್ದಕ್ಕೆ ಪಾಟ್ ಲೈಫ್ ಇರುತ್ತೆ, ನಮ್ಮ ಬಿಸಿಲಲ್ಲಿ ಅದು ಇನ್ನೂ ಕಮ್ಮಿ. ಸ್ವಲ್ಪ ಸ್ವಲ್ಪವೇ ಬೆರೆಸಿ ಎರಡು ತೆಳು ಕೋಟ್ ಕೊಡಿ. ಶೀಟುಗಳು ಸೇರೋ ಜಾಯಿಂಟ್‌ಗಳಿಗೆ ಸೀಮ್ ಸೀಲರ್ ಹಾಕೋದು ಪ್ರೈಮರ್ ಆದ ಮೇಲೆ, ಬರೀ ಲೋಹದ ಮೇಲಲ್ಲ. ಅದರ ಮೇಲೆ ಕಲ್ಲೇಟಿನ ಕೋಟ್, ಅದೂ ಎರಡು ಸಲ. ಡಬ್ಬಿಯಲ್ಲಿ ಹೇಳಿದ ರಿಕೋಟ್ ಸಮಯ ಮೀರಿದ್ದರೆ ಪ್ರೈಮರನ್ನು ಹಗುರಾಗಿ ಉಜ್ಜಿ ಮುಂದುವರಿಸಿ, ಇಲ್ಲಾಂದ್ರೆ ಪದರ ಸಿಪ್ಪೆ ಬಿಡುತ್ತೆ. ವ್ಯಾಕ್ಸ್ ಎಲ್ಲಕ್ಕಿಂತ ಕೊನೆಗೆ. ಅದನ್ನು ಮೊದಲೇ ಹಾಕಿದರೆ ಯಾವ ಪೇಂಟೂ ಹಿಡಿಯಲ್ಲ, ವೆಲ್ಡಿಂಗ್ ಕಿಡಿಗೆ ಹತ್ಕೊಳ್ಳುತ್ತೆ.

ಬಳಿಯಬಾರದ ಜಾಗಗಳೂ ಇವೆ: ಸೈಲೆನ್ಸರ್, ಬ್ರೇಕ್ ಡ್ರಮ್, ಬ್ರೇಕ್ ಹೋಸ್, ಬ್ಲೀಡ್ ನಿಪ್ಪಲ್, ಹ್ಯಾಂಡ್‌ಬ್ರೇಕ್ ಕೇಬಲ್, ಪ್ರೊಪೆಲ್ಲರ್ ಶಾಫ್ಟ್, ಲೀಫ್ ಸ್ಪ್ರಿಂಗಿನ ಎಲೆಗಳ ಮಧ್ಯೆ, ಅರ್ಥ್ ಪಾಯಿಂಟ್. ಇವನ್ನೆಲ್ಲಾ ಮೊದಲೇ ಟೇಪು, ಪೇಪರಿನಿಂದ ಮುಚ್ಚಿ. ಬಾಗಿಲು ಮತ್ತು ಸಿಲ್‌ಗಳ ಕೆಳಗಿನ ನೀರು ಹೋಗೋ ತೂತುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿಟ್ಟು, ಬಳಿದ ಮೇಲೆ ಎಳೆದು ತೆಗೀರಿ. ನಮ್ಮ ಸಿಲ್‌ಗಳು ಕೊಳೆತದ್ದು ಹೆಚ್ಚಾಗಿ ಇದರಿಂದಲೇ. ಹಳೆ ಕೋಟಿಂಗ್ ತೂತುಗಳನ್ನೂ ಮುಚ್ಚಿತ್ತು, ತೊಳೆದ ನೀರು ವರ್ಷಗಟ್ಟಲೆ ಒಳಗೇ ನಿಂತಿತ್ತು.

ಚಾಸಿ ನಂಬರಿನ ಮೇಲೂ ಏನೂ ಬಳಿಯಬೇಡಿ, ಉಜ್ಜಲೂ ಬೇಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ 5 ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಅಲ್ಲಿ ಆ ನಂಬರ್ ಓದೋಕೆ ಬರಬೇಕು. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ವಾಹನಗಳಿಗೆ ವಿಂಟೇಜ್ ಅಂತ ಬೇರೆ ನೋಂದಣಿಯೂ ಸಿಗುತ್ತೆ. ತಾತನ ಕಾರು 1984ರದ್ದು. ಅಂದ್ರೆ 2034.

ನಿಮ್ಮ ಮೈಯ ರಕ್ಷಣೆ ಕಡೆಗಣಿಸಬೇಡಿ. ಪಾಲಿಯುರೇಥೇನ್‌ಗಳಲ್ಲಿ ಐಸೋಸಯನೇಟ್ ಇರುತ್ತೆ, ಅದರಿಂದ ಆಸ್ತಮಾ ಬರಬಹುದು. ಬಟ್ಟೆ ಮಾಸ್ಕ್ ಏನೂ ತಡೆಯಲ್ಲ, ಕಾರ್ಟ್ರಿಜ್ ಇರೋ ರೆಸ್ಪಿರೇಟರ್, ಕನ್ನಡಕ, ಗ್ಲೌಸ್ ಬೇಕು. ಗ್ಯಾರೇಜ್ ಪಿಟ್ ಒಳಗೆ ಇಳಿದು ಸ್ಪ್ರೇ ಮಾಡಬೇಡಿ. ಥಿನ್ನರ್ ಆವಿ ಗಾಳಿಗಿಂತ ಭಾರ, ಪಿಟ್ಟಿನಲ್ಲಿ ತುಂಬಿಕೊಳ್ಳುತ್ತೆ, ಉಸಿರಿಗೂ ಕಷ್ಟ, ಒಂದು ಕಿಡಿ ಸಾಕು ಬೆಂಕಿಗೆ.

ಆಮೇಲೆ?

ಕೋಟಿಂಗ್ ಆದ ಮೇಲೆ ಕೆಲಸ ಮುಗೀತು ಅನ್ನೋ ನಂಬಿಕೆಯೇ ನಮ್ಮನ್ನು ಕೆಡಿಸಿದ್ದು. ಈಗ ಗೋಡೆ ಮೇಲೆ ಒಂದು ಪಟ್ಟಿ ಅಂಟಿಸಿದ್ದೇವೆ. ನಾಟಿ ಸೀಸನ್ನಿನಲ್ಲಿ ವಾರಕ್ಕೊಮ್ಮೆ ಮಡ್‌ಗಾರ್ಡ್ ಒಳಗೆ ಪೈಪಿನಿಂದ ನೀರು ಬಿಡೋದು. ಡಿಕ್ಕಿಯಲ್ಲಿ ಗೊಬ್ಬರದ ಚೀಲ ಹಾಕದೇ ಇರೋದು. ತಿಂಗಳಿಗೊಮ್ಮೆ ತೂತುಗಳಿಗೆ ತಂತಿ ಹಾಕಿ ನೋಡೋದು. ಮಳೆಗಾಲ ಮುಗಿದ ಮೇಲೆ ಒಂದು ಸಲ ಟಾರ್ಚ್ ಹಿಡಿದು ಕೆಳಗೆ ಮಲಗಿ ಪೂರ್ತಿ ನೋಡೋದು, ಕಲ್ಲೇಟು ಬಿದ್ದ ಜಾಗಕ್ಕೆ ಅವತ್ತೇ ಪ್ರೈಮರ್ ಮುಟ್ಟಿಸೋದು. ಸಿಲ್ ಒಳಗಿನ ವ್ಯಾಕ್ಸ್ ಒಂದೆರಡು ವರ್ಷಕ್ಕೊಮ್ಮೆ ಮತ್ತೆ.

ಕೆಲಸ ಮುಗಿದ ದಿನ ತಾತ ಬಗ್ಗಿ ನೋಡಿ, ಅಷ್ಟೇನೂ ಖುಷಿಯಾಗದ ಮುಖ ಮಾಡಿದ್ರು. "ಇದೇನೋ, ಬೂದಿ ಬಳದಂಗ ಐತಿ. ಕರೇ ಬಣ್ಣ ಹಚ್ಚಬೇಕಿತ್ತಲ್ಲ?" ಅಂದ್ರು. ಬೂದು ಬಣ್ಣದ ಮೇಲೆ ತುಕ್ಕು ಶುರುವಾದರೆ ಮೊದಲ ದಿನವೇ ಕಂದು ಕಲೆ ಕಾಣುತ್ತೆ, ಕಪ್ಪಿನ ಮೇಲೆ ಕಾಣಲ್ಲ ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಗಾದ್ರ ಸರಿ ಐತಿ" ಅಂದ್ರು. ಹೋದ ವಾರ ಫೋನ್ ಮಾಡಿದಾಗ, ಎಡಗಡೆ ಹಿಂದಿನ ಚಕ್ರದ ಹತ್ತಿರ ಒಂದು ಕಂದು ಚುಕ್ಕಿ ಕಾಣ್ತೈತಿ, ಡಬ್ಬಿ ಎಲ್ಲಿಟ್ಟೀಯ ಅಂತ ಕೇಳಿದ್ರು. ಉಳಿದ ಪ್ರೈಮರ್ ಅಟ್ಟದ ಮೇಲಿದೆ, ಬೆರೆಸೋ ಅಳತೆ ಮುಚ್ಚಳದ ಮೇಲೆ ಬರೆದಿದ್ದೀನಿ ಅಂದೆ.